ಕರೆಂಟ್ ಬಿಲ್ಲಿಗೆ ಹುಡುಗರನ್ನು ಬೈಯುವ ಮೊದಲು

ನಮ್ಮ ಹೋಟೆಲ್ ಬಂಧುಗಳು ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಮೂರು ವಿಷಯಕ್ಕೆ ಬಂದು ನಿಲ್ಲುತ್ತದೆ. ಹುಡುಗರು ಸಿಗುವುದಿಲ್ಲ, ಗ್ಯಾಸಿನ ಖರ್ಚು ಹೆಚ್ಚಾಯಿತು, ಕರೆಂಟ್ ಬಿಲ್ ಹೊರಲಿಕ್ಕೆ ಆಗುವುದಿಲ್ಲ. ಮೊದಲ ಎರಡಕ್ಕೆ ನಮ್ಮ ಹತ್ತಿರ ಮದ್ದಿಲ್ಲ. ಮೂರನೆಯದರ ಬಗ್ಗೆ ಮಾತ್ರ ನಮ್ಮದೇ ತಪ್ಪಿನಿಂದ ಸ್ವಲ್ಪ ಕಲಿತಿದ್ದೇವೆ. ಅದನ್ನು ಬರೆಯಿರಿ ಎಂದು ಮಿತ್ರರು ಒತ್ತಾಯ ಮಾಡಿದ್ದರಿಂದ ಬರೆಯುತ್ತಿದ್ದೇವೆ. ಊರಿನಿಂದ ಬಂದು ಹಗಲಿಗೆ ಹೋಟೆಲಿನಲ್ಲಿ ಗ್ಲಾಸ್ ತೊಳೆದು, ರಾತ್ರಿ ಶಾಲೆಯಲ್ಲಿ ಎಸ್‌ಎಸ್‌ಸಿ ಮುಗಿಸಿದವರು ನಾವು. ಇಂಜಿನಿಯರ್ ಅಲ್ಲ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

2024ರ ಮೇ ತಿಂಗಳ ಬಿಲ್ ಕೈಗೆ ಬಂದಾಗ ನಾವು ಗಲ್ಲಾದಲ್ಲಿ ಕೂತಿದ್ದೆವು. ಯಾವಾಗಲೂ 45 ಸಾವಿರದ ಆಸುಪಾಸು ಬರುತ್ತಿದ್ದದ್ದು ಆ ಸಲ 51 ಸಾವಿರ. ನೋಡಿದ ಕೂಡಲೇ ನಮ್ಮ ಕಣ್ಣು ಮೇಲೆ ಅಟ್ಟಕ್ಕೆ ಹೋಯಿತು. ಹುಡುಗರು ಮಲಗುವುದು ಅಲ್ಲಿ. ಹತ್ತು ಜನ, ಹತ್ತು ಮೊಬೈಲ್, ಎರಡು ಫ್ಯಾನ್. ಯಾರೋ ಒಬ್ಬ ನೀರು ಕಾಯಿಸುವ ರಾಡ್ ಬೇರೆ ಇಟ್ಟುಕೊಂಡಿದ್ದ. ಹೋಟೆಲಿನಲ್ಲಿ ಏನೇ ಹೆಚ್ಚುಕಡಿಮೆಯಾದರೂ ಮೊದಲ ಸಂಶಯ ಹುಡುಗರ ಮೇಲೆ ಬರುವುದು ನಮ್ಮ ಉದ್ಯಮದ ಹಳೆಯ ಚಾಳಿ. ನಾವೂ ಒಂದು ಕಾಲದಲ್ಲಿ ಅದೇ ಅಟ್ಟದಲ್ಲಿ ಮಲಗಿದವರು ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ. ಮಧ್ಯಾಹ್ನ ಎಲ್ಲರನ್ನೂ ನಿಲ್ಲಿಸಿ ಬಾಯಿಗೆ ಬಂದಂತೆ ಬೈದೆವು. ಮರುದಿನ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅಟ್ಟದ ಪ್ಲಗ್ ಪಾಯಿಂಟುಗಳನ್ನೆಲ್ಲ ತೆಗೆಸಿದೆವು. ಮೊಬೈಲ್ ಚಾರ್ಜ್ ಮಾಡುವುದಿದ್ದರೆ ಕೌಂಟರಿನಲ್ಲಿ ಕೇಳಿ ಮಾಡಬೇಕು ಎಂದು ಹೊಸ ಕಾನೂನು ಬಂತು.

ಅವರಲ್ಲಿ ಒಬ್ಬ ಬೈಂದೂರು ಕಡೆಯವನು, 14 ವರ್ಷದಿಂದ ನಮ್ಮಲ್ಲಿ ಸಪ್ಲಾಯರ್. ಗಿರಾಕಿಗಳು ಅವನ ಹೆಸರು ಹಿಡಿದು ಕರೆದು ಟೇಬಲ್ ಕೇಳುತ್ತಿದ್ದರು. ಅವನು ಒಂದು ವಾರ ಸುಮ್ಮನಿದ್ದ. ಆಮೇಲೆ ಒಂದು ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಬಂದು, "ಅಣ್ಣ, ನಾನು ನಿಮ್ಮ ಕರೆಂಟ್ ಕದ್ದವನಲ್ಲ. ನನ್ನ ಲೆಕ್ಕ ಮಾಡಿ ಕೊಡಿ" ಎಂದ. ನಾವೂ ಹಟದಲ್ಲಿದ್ದೆವು, ಲೆಕ್ಕ ಮಾಡಿ ಕೊಟ್ಟೆವು. ಮುಂದಿನ ತಿಂಗಳ ಬಿಲ್ 50 ಸಾವಿರದ 400 ಬಂತು. ಅಟ್ಟದಲ್ಲಿ ಒಂದು ಪ್ಲಗ್ ಪಾಯಿಂಟೂ ಇರಲಿಲ್ಲ.

ನಮ್ಮ ಮಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಗಲ್ಲಾದಲ್ಲಿ ಕೂರುವ ಮನಸ್ಸು ಅವನಿಗಿಲ್ಲ, ಅದು ಬೇರೆ ಕಥೆ. ಆದರೆ ಮನೆಯಲ್ಲಿ ಎಲ್ಲವನ್ನೂ ಮೊಬೈಲಿನಿಂದ ನಡೆಸುವ ಹುಚ್ಚು ಇದೆ. ಹಾಲ್‌ನ ದೀಪ, ಫ್ಯಾನ್, ಗೀಸರ್, ಟಿವಿ ಎಲ್ಲಕ್ಕೂ ಏನೇನೋ ಜೋಡಿಸಿದ್ದಾನೆ. ಗೀಸರಿಗೆ ಬೆಳಿಗ್ಗೆ ಐದೂವರೆಯಿಂದ ಆರೂವರೆ ತನಕ ಟೈಮ್ ಇಟ್ಟು, ಊರಿನಿಂದ ಬಂದ ಅತ್ತಿಗೆಯವರಿಗೆ ಎಂಟು ಗಂಟೆಗೆ ತಣ್ಣೀರು ಬಂದು ಮನೆಯಲ್ಲಿ ರಾದ್ಧಾಂತವಾಗಿತ್ತು. ನಾವೂ ಅದನ್ನು ಮಕ್ಕಳಾಟ ಎಂದೇ ತಿಳಿದಿದ್ದೆವು. ಒಂದು ಆದಿತ್ಯವಾರ ಅವನು ಮೊಬೈಲ್ ತೋರಿಸಿ, "ಅಪ್ಪ, ನಿನ್ನೆ ಗೀಸರ್ ಟೈಮ್ ತಪ್ಪಿಸಿ ಯಾರೋ ದಿನವಿಡೀ ಆನ್ ಇಟ್ಟಿದ್ದಾರೆ, ಯಾರೂ ಸ್ನಾನ ಮಾಡದೆ ಒಂದು ಯೂನಿಟ್ ಹತ್ತಿರ ಹೋಗಿದೆ" ಎಂದ. ಆಗ ನಮಗೆ ತಲೆಗೆ ಹೊಳೆಯಿತು. ಯೂನಿಟ್ ಕೂಡ ತೋರಿಸುತ್ತದೆಯೋ? ಹಾಗಾದರೆ ಇದನ್ನು ಹೋಟೆಲಿಗೆ ತಾ ಎಂದೆವು.

ಇದಕ್ಕೆ ಸ್ಮಾರ್ಟ್ ಪ್ಲಗ್ ಎನ್ನುತ್ತಾರೆ. ಗೋಡೆಯ ಸಾಕೆಟ್‌ಗೂ ಮೆಶಿನಿನ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಒಂದು ಸಣ್ಣ ಡಬ್ಬಿ. ಅದರೊಳಗೆ ಒಂದು ಸ್ವಿಚ್ ಇದೆ, ವೈಫೈ ಇದೆ. ಕೆಲವು ಮಾಡೆಲುಗಳಲ್ಲಿ ಮಾತ್ರ ಸಣ್ಣ ಮೀಟರ್ ಕೂಡ ಇರುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಈ ಮೀಟರ್ ಇದೆಯೋ ಇಲ್ಲವೋ ಎಂಬುದು. ಅದಿಲ್ಲದಿದ್ದರೆ ಅದು ಬರೇ ರಿಮೋಟ್ ಸ್ವಿಚ್, ನಮಗೆ ಉಪಯೋಗವಿಲ್ಲ. ಮೀಟರ್ ಇದ್ದದ್ದು ಆ ಮೆಶಿನ್ ಈಗ ಎಷ್ಟು ವ್ಯಾಟ್ ಎಳೆಯುತ್ತಿದೆ, ಇವತ್ತು ಎಷ್ಟು ಯೂನಿಟ್ ಆಯಿತು, ತಿಂಗಳಿಗೆ ಎಷ್ಟು ಎಂದು ತೋರಿಸುತ್ತದೆ. ಸಾವಿರ ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್, ಇಷ್ಟು ಗೊತ್ತಿದ್ದರೆ ಸಾಕು. ದೊಡ್ಡ ಪಿನ್ನಿನ 16 ಆಂಪಿಯರ್‌ನದ್ದು ಸಾವಿರದಿಂದ ಒಂದೂವರೆ ಸಾವಿರದೊಳಗೆ ಸಿಗುತ್ತದೆ. ಸಣ್ಣ ಪಿನ್ನಿನದ್ದು ಇನ್ನೂ ಕಡಿಮೆ.

ಕರೆಂಟ್ ಕಂಪನಿಯ ಮೀಟರ್ ಇಡೀ ಹೋಟೆಲಿನ ಲೆಕ್ಕ ಹೇಳುತ್ತದೆ. ಬೆಸ್ಟ್ ಇರಲಿ, ಅದಾನಿ ಇರಲಿ, ಟಾಟಾ ಇರಲಿ, ಠಾಣೆ ಕಡೆಯ ಮಹಾವಿತರಣ ಇರಲಿ, ಬಿಲ್ ಬರುವುದು ಒಟ್ಟು ಮೊತ್ತಕ್ಕೆ. ತರಕಾರಿಯವನು ತಿಂಗಳ ಕೊನೆಗೆ "ಎಲ್ಲಾ ಸೇರಿ 45 ಸಾವಿರ" ಎಂದರೆ ನಾವು ಬಿಡುತ್ತೇವೆಯೇ? ಬಟಾಟೆ ಎಷ್ಟು ಕಿಲೋ, ನೀರುಳ್ಳಿ ಎಷ್ಟು ಕಿಲೋ ಎಂದು ಕೇಳುತ್ತೇವೆ. ಕರೆಂಟಿನವರಿಗೆ ಮಾತ್ರ ಕೇಳದೆ ಕೊಡುತ್ತೇವೆ, ಆಮೇಲೆ ಅಟ್ಟದವರನ್ನು ಬೈಯುತ್ತೇವೆ.

ಮೊದಲು ಒಂದು ಲೆಕ್ಕ ಮಾಡಿಕೊಂಡೆವು. ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ನಿಂದ ಭಾಗಿಸಿದರೆ, ಫಿಕ್ಸೆಡ್ ಚಾರ್ಜ್, ಡ್ಯೂಟಿ, ಸೆಸ್ ಎಲ್ಲಾ ಸೇರಿ ನಮಗೆ ಯೂನಿಟ್ ಒಂದಕ್ಕೆ 14 ರೂಪಾಯಿ ಹತ್ತಿರ ಬೀಳುತ್ತದೆ. ನಿಮ್ಮದು ಬೇರೆ ಇರಬಹುದು, ಪ್ರತಿಯೊಬ್ಬರೂ ತಮ್ಮ ಬಿಲ್ಲಿನಿಂದಲೇ ಮಾಡಬೇಕು. ಆಮೇಲೆ ಎರಡು ಪ್ಲಗ್ ತರಿಸಿ ಒಂದೊಂದು ಮೆಶಿನಿಗೆ ಒಂದು ವಾರದಂತೆ ಹಾಕುತ್ತಾ ಬಂದೆವು. ವಾರ ಪೂರ್ತಿ ಬೇಕು, ಯಾಕೆಂದರೆ ನಮ್ಮಲ್ಲಿ ಆದಿತ್ಯವಾರದ ವ್ಯಾಪಾರವೇ ಬೇರೆ. ಹಳೆಯ ಉದ್ರಿ ಪುಸ್ತಕದ ಖಾಲಿ ಹಾಳೆಯಲ್ಲಿ ಪ್ರತಿ ರಾತ್ರಿ ಬರೆದಿಟ್ಟೆವು.

ಮೊದಲು ಸಿಕ್ಕಿಬಿದ್ದದ್ದು ಡೀಪ್ ಫ್ರೀಜರ್. ಬಟಾಣಿ, ಪನೀರ್, ಐಸ್‌ಕ್ರೀಂ ಇಡುವ ಹಳೆಯ ಪೆಟ್ಟಿಗೆ, ದೋಸೆ ತವಾದ ಹಿಂದಿನ ಗೋಡೆಗೆ ಒತ್ತಿಕೊಂಡು ಇತ್ತು. ಮೊಬೈಲಿನಲ್ಲಿ ನೋಡಿದರೆ ಹಗಲೂ ರಾತ್ರಿ 400 ವ್ಯಾಟ್. ಒಳ್ಳೆಯ ಫ್ರೀಜರ್ ಸ್ವಲ್ಪ ಹೊತ್ತು ಓಡಿ, ಸ್ವಲ್ಪ ಹೊತ್ತು ನಿಲ್ಲಬೇಕು. ಇದು ನಿಲ್ಲುವುದೇ ಇಲ್ಲ. ದಿನಕ್ಕೆ ಒಂಬತ್ತೂವರೆ ಯೂನಿಟ್. ಮೆಕ್ಯಾನಿಕ್ ಬಂದು ಮುಚ್ಚಳದ ಸಂದಿಗೆ ಹತ್ತು ರೂಪಾಯಿ ನೋಟು ಇಟ್ಟು ಮುಚ್ಚಿ ಎಳೆದ. ನೋಟು ಸಲೀಸಾಗಿ ಹೊರಗೆ ಬಂತು. ಅಂದರೆ ಮುಚ್ಚಳದ ರಬ್ಬರ್ ಹೋಗಿದೆ, ತಂಪೆಲ್ಲ ಹೊರಗೆ, ಬಿಸಿಗಾಳಿ ಒಳಗೆ. ಒಳಗೋಡೆಗೆ ಮೂರು ಬೆರಳು ದಪ್ಪ ಐಸ್. ಹಿಂದಿನ ಜಾಲರಿಯ ಮೇಲೆ ತವಾದ ಎಣ್ಣೆ ಹೊಗೆ ಮತ್ತು ಧೂಳು ಸೇರಿ ಕಂಬಳಿಯಂತೆ ಕೂತಿತ್ತು. ಬಿಸಿ ಹೊರಹೋಗಲಿಕ್ಕೆ ದಾರಿಯೇ ಇಲ್ಲ. ರಬ್ಬರ್ ಬದಲಾಯಿಸಿ, ಜಾಲರಿ ತೊಳೆಸಿ, ಐಸ್ ಕರಗಿಸಿ, ಪೆಟ್ಟಿಗೆಯನ್ನು ತವಾದ ಗೋಡೆಯಿಂದ ತೆಗೆದು ಸ್ಟೋರ್ ಬದಿಗೆ ಇಟ್ಟೆವು. ಖರ್ಚು 2,800 ರೂಪಾಯಿ. ಮರುವಾರ ದಿನಕ್ಕೆ 4 ಯೂನಿಟ್. ಐದೂವರೆ ಯೂನಿಟ್ ಉಳಿಯಿತು, ದಿನಕ್ಕೆ 77 ರೂಪಾಯಿ, ತಿಂಗಳಿಗೆ 2,310. ಹೆಚ್ಚು ಬಂದ ಆರು ಸಾವಿರದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಈ ಒಂದು ಪೆಟ್ಟಿಗೆಯದ್ದು. ಉಳಿದದ್ದರಲ್ಲಿ ಬಹುಪಾಲು ಬೇಸಗೆಯ ಎಸಿಯದ್ದು. ಅದರ ಫಿಲ್ಟರ್ ತೊಳೆಯದೆ ಎಷ್ಟು ತಿಂಗಳಾಗಿತ್ತೋ ದೇವರಿಗೇ ಗೊತ್ತು.

ಎರಡನೆಯದು ತಂಪು ಪಾನೀಯದ ಗಾಜಿನ ಫ್ರಿಜ್. ಕಂಪನಿಯವರು ಪುಕ್ಕಟೆ ಕೊಟ್ಟದ್ದು. ಎದುರಿಗೆ ಚಂದ ಕಾಣುತ್ತದೆ ಎಂದು ನಾವೂ ಬಾಗಿಲಲ್ಲೇ ಇಟ್ಟಿದ್ದೆವು, ಬಿಸಿಲು ನೇರ ಅದರ ಮೇಲೆ. ದಿನಕ್ಕೆ 6 ಯೂನಿಟ್, 84 ರೂಪಾಯಿ. ತಿಂಗಳಿಗೆ 2,520. ಅದರಿಂದ ಮಾರುವ ಬಾಟಲಿಯಲ್ಲಿ ನಮಗೆ ಉಳಿಯುವ ಕಮಿಷನ್ ಬರೆದು ನೋಡಿದೆವು. ಮಳೆಗಾಲದಲ್ಲಿ ಅದರ ಬಾಡಿಗೆ ನಾವೇ ಕೊಟ್ಟಂತೆ ಆಗುತ್ತಿತ್ತು. ಪುಕ್ಕಟೆ ಫ್ರಿಜ್ ಇಟ್ಟುಕೊಂಡ ಬಂಧುಗಳು ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕೆಂದು ನಮ್ಮ ಆಗ್ರಹ. ಇಡಬೇಡಿ ಎನ್ನುವುದಿಲ್ಲ. ಇಟ್ಟರೆ ಎಷ್ಟು ಬೀಳುತ್ತದೆ ಎಂದು ತಿಳಿದು ಇಡಿ, ಕಂಪನಿಯವರ ಹತ್ತಿರ ಮಾತಾಡುವಾಗ ಆ ಅಂಕಿ ಕೈಯಲ್ಲಿರಲಿ. ನಾವು ಸದ್ಯ ಅದನ್ನು ಬಿಸಿಲಿನಿಂದ ಒಳಗೆ ತಂದಿದ್ದೇವೆ.

ವಾಟರ್ ಕೂಲರ್ ರಾತ್ರಿ ಬಾಗಿಲು ಹಾಕಿದ ಮೇಲೂ ಯಾರಿಗೋ ನೀರು ತಣ್ಣಗೆ ಮಾಡುತ್ತಿತ್ತು. ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಐದೂವರೆ ತನಕ ಟೈಮರ್ ಹಾಕಿ ಬಂದ್ ಮಾಡಿದೆವು. ಸಣ್ಣ ಉಳಿತಾಯ, ತಿಂಗಳಿಗೆ 500 ರೂಪಾಯಿ ಹತ್ತಿರ.

ವೆಟ್ ಗ್ರೈಂಡರ್ ಬಗ್ಗೆ ನಮ್ಮ ಅಂದಾಜು ಪೂರ್ತಿ ಸುಳ್ಳಾಯಿತು. ಅದು ಮಾಡುವ ಗದ್ದಲಕ್ಕೆ ಅರ್ಧ ಬಿಲ್ ಅದರದ್ದೇ ಎಂದು ನಾವು ತಿಳಿದಿದ್ದೆವು. ಒಂದು ಎಚ್‌ಪಿ ಮೋಟಾರ್ ಎಂದರೆ 746 ವ್ಯಾಟ್. ದಿನಕ್ಕೆ ಮೂರು ಗಂಟೆ ಅರೆದರೂ ಎರಡು, ಎರಡೂವರೆ ಯೂನಿಟ್. ಇಡ್ಲಿ, ದೋಸೆ, ವಡೆ ಎಲ್ಲದರ ಹಿಟ್ಟೂ 35 ರೂಪಾಯಿಯೊಳಗೆ. ಸುಮ್ಮನೆ ಮೂಲೆಯಲ್ಲಿ ಕೂತ ಪೆಟ್ಟಿಗೆ ಅದರ ನಾಲ್ಕು ಪಾಲು ತಿನ್ನುತ್ತಿತ್ತು.

ಕೊನೆಗೆ ಅಟ್ಟ. ಪ್ಲಗ್ ಪಾಯಿಂಟುಗಳನ್ನು ಮತ್ತೆ ಹಾಕಿಸಿದೆವು. ಎಲ್ಲರ ಮೊಬೈಲ್ ಚಾರ್ಜ್ ಮಾಡುವ ಬೋರ್ಡಿಗೂ ಒಂದು ವಾರ ಸ್ಮಾರ್ಟ್ ಪ್ಲಗ್ ಹಾಕಿದೆವು. ಹತ್ತು ಮೊಬೈಲ್ ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಆದರೆ ಕಾಲು ಯೂನಿಟ್. ಮೂರೂವರೆ ರೂಪಾಯಿ. ನಮ್ಮಲ್ಲಿ ಒಂದು ಕಟಿಂಗ್ ಚಹಾಕ್ಕೂ ಅದು ಸಾಲದು. ರಾಡ್ ಸ್ವಲ್ಪ ತಿನ್ನುತ್ತದೆ ನಿಜ, 1500 ವ್ಯಾಟಿನದ್ದು ಇಪ್ಪತ್ತು ನಿಮಿಷಕ್ಕೆ ಅರ್ಧ ಯೂನಿಟ್. ಅದನ್ನು ನಿಲ್ಲಿಸಬೇಕಾದದ್ದು ಬಿಲ್ಲಿಗಾಗಿ ಅಲ್ಲ, ಬಕೆಟ್ಟಿಗೆ ಕೈ ಹಾಕಿದವನ ಜೀವಕ್ಕಾಗಿ. ಈಗ ಒಂದು ಸಣ್ಣ ಗೀಸರ್ ಹಾಕಿಸಿದ್ದೇವೆ.

ಬೈಂದೂರಿನವನಿಗೆ ಫೋನ್ ಮಾಡಿದೆವು. ಅಷ್ಟರಲ್ಲಿ ಅವನು ಪುಣೆಯ ಒಂದು ಹೋಟೆಲಿಗೆ ಸೇರಿ ಆಗಿತ್ತು, ಅಲ್ಲಿ ಕ್ಯಾಪ್ಟನ್ ಮಾಡಿದ್ದಾರಂತೆ. ಫ್ರೀಜರಿನ ವಿಷಯ ಹೇಳಿ, ನಮ್ಮದು ತಪ್ಪಾಯಿತು ಮಾರಾಯ, ವಾಪಸ್ ಬಾ ಎಂದೆವು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಪೆಟ್ಟಿಗೆಯ ರಬ್ಬರ್ ಹೋಗಿದೆ ಎಂದು ನಾನು ಎರಡು ಸಲ ಹೇಳಿದ್ದೆ ಅಣ್ಣ, ನೀವು ಆಮೇಲೆ ನೋಡುವ ಎಂದಿರಿ" ಎಂದ. ನಮಗೆ ಅದೂ ನೆನಪಿರಲಿಲ್ಲ. ಅವನು ಬರಲಿಲ್ಲ. ಊರಿಗೆ ಹೋಗುವಾಗ ಬರುವಾಗ ಈಗಲೂ ಫೋನ್ ಮಾಡುತ್ತಾನೆ.

ಇನ್ನು ಈ ಡಬ್ಬಿಯಿಂದ ಆದ ನಷ್ಟವನ್ನೂ ಹೇಳಬೇಕು, ಇಲ್ಲದಿದ್ದರೆ ನಾವು ಇದರ ಏಜೆಂಟ್ ಎಂದು ತಿಳಿದೀರಿ. ಫ್ರೀಜರ್ ಸರಿಯಾದ ಮೇಲೂ ಪ್ಲಗ್ ತೆಗೆಯದೆ ಹಾಗೇ ಬಿಟ್ಟಿದ್ದೆವು, ಪ್ರತಿದಿನ ಅಂಕಿ ನೋಡುವ ಚಟ. ಒಂದು ರಾತ್ರಿ ನಮ್ಮ ಕಟ್ಟಡದಲ್ಲಿ ಕರೆಂಟ್ ಹೋಗಿ ಅರ್ಧ ಗಂಟೆಯಲ್ಲಿ ಬಂತು. ಎಲ್ಲ ಶುರುವಾಯಿತು, ಸ್ಮಾರ್ಟ್ ಪ್ಲಗ್ ಮಾತ್ರ ಆಫ್ ಆಗಿಯೇ ಉಳಿಯಿತು. ಬೆಳಿಗ್ಗೆ ಮುಚ್ಚಳ ತೆಗೆದರೆ ಐಸ್‌ಕ್ರೀಂ ಪಾಯಸವಾಗಿತ್ತು, ಪನೀರ್ ಮೆತ್ತಗಾಗಿತ್ತು. 8 ಕಿಲೋ ಪನೀರ್ ಎಸೆದೆವು. ಹೆಪ್ಪುಗಟ್ಟಿದ ಮಾಲು ಮೈನಸ್ 18 ಡಿಗ್ರಿಯಲ್ಲಿ, ತಂಪು ಮಾಲು 5 ಡಿಗ್ರಿಯೊಳಗೆ ಇರಬೇಕೆಂದು ಎಫ್‌ಎಸ್‌ಎಸ್‌ಎಐ ನಿಯಮವಿದೆ. ಅದನ್ನು ಗಿರಾಕಿಗೆ ಕೊಟ್ಟು ಹೆಚ್ಚುಕಡಿಮೆಯಾದರೆ ಉಳಿಸಿದ ಕರೆಂಟೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ. ಮಗ ಆಮೇಲೆ ತೋರಿಸಿದ, ಕರೆಂಟ್ ವಾಪಸ್ ಬಂದಾಗ ಆನ್ ಆಗಬೇಕೋ, ಆಫ್ ಇರಬೇಕೋ, ಹಿಂದೆ ಇದ್ದಂತೆ ಇರಬೇಕೋ ಎಂದು ಅದರಲ್ಲೇ ಸೆಟ್ಟಿಂಗ್ ಇದೆಯಂತೆ. ನಮ್ಮ ಅಭಿಪ್ರಾಯದಲ್ಲಿ ಸೆಟ್ಟಿಂಗ್ ಸರಿ ಮಾಡಿದರೂ ಫ್ರಿಜ್, ಫ್ರೀಜರಿಗೆ ಇದನ್ನು ಖಾಯಂ ಹಾಕಬಾರದು. ಒಂದು ವಾರ ಅಳೆಯಿರಿ, ತೆಗೆಯಿರಿ. ತಕ್ಕಡಿಯನ್ನು ತೂಗಿದ ಮೇಲೆ ಚೀಲದೊಳಗೆ ಬಿಡುತ್ತೇವೆಯೇ?

ಎಲ್ಲದಕ್ಕೂ ಇದನ್ನು ಹಾಕಲಿಕ್ಕೂ ಆಗುವುದಿಲ್ಲ. ತ್ರೀ ಫೇಸ್ ಮೆಶಿನಿಗೆ ಇದು ಅಲ್ಲವೇ ಅಲ್ಲ. ದೊಡ್ಡ ಗ್ರೈಂಡರಿನ ಮೋಟಾರ್ ಶುರುವಾಗುವಾಗ ನಡೆಯುವುದಕ್ಕಿಂತ ಐದಾರು ಪಟ್ಟು ಎಳೆಯುತ್ತದೆ, ಡಬ್ಬಿಯೊಳಗಿನ ಸ್ವಿಚ್ ಸುಟ್ಟು ಅಂಟಿಕೊಳ್ಳಬಹುದು. ನಮ್ಮ ಎಲೆಕ್ಟ್ರಿಷಿಯನ್ ಅದಕ್ಕೆ ಹಾಕಲಿಕ್ಕೆ ಬಿಡಲಿಲ್ಲ, ಕ್ಲ್ಯಾಂಪ್ ಮೀಟರ್ ಹಿಡಿದು ಅಂದಾಜು ಕೊಟ್ಟ. 16 ಆಂಪಿಯರ್ ಎಂದು ಬರೆದಿದ್ದರೂ ಗಂಟೆಗಟ್ಟಲೆ ಅಷ್ಟೇ ಎಳೆಯುವ ಹೀಟರಿಗೆ ಹಾಕಬೇಡಿ. ಹಾಕಿದ ಅರ್ಧ ಗಂಟೆಗೆ ಮುಟ್ಟಿ ನೋಡಿ, ಕೈಗೆ ಬಿಸಿ ತಾಗಿದರೆ ತೆಗೆಯಿರಿ. ಗೋಡೆಯ ಸಾಕೆಟ್ ಸಡಿಲ ಇದ್ದರೆ ಮೊದಲು ಅದನ್ನು ಬದಲಾಯಿಸಿ. ಮೋರಿ, ಸ್ಟೀಮರ್, ತವಾದ ಹತ್ತಿರ ಬೇಡ, ಇದು ನೀರು ಎಣ್ಣೆ ತಡೆಯುವ ವಸ್ತುವಲ್ಲ. ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿ ಅದರ ಮೇಲೆ ಇನ್ನೊಂದು ಸಿಕ್ಕಿಸುವ ಚಾಳಿ ನಮ್ಮ ಅಡುಗೆಮನೆಗಳಲ್ಲಿ ಇದೆ, ದಯವಿಟ್ಟು ಬೇಡ. ಕೊಳ್ಳುವಾಗ ಐಎಸ್ 1293 ಎಂಬ ಗುರುತು ನೋಡಿ. ವೈಫೈ ವಿಷಯ ಒಂದೇ ಮಾತು: ಗಿರಾಕಿಗಳಿಗೆ ಕೊಡುವ ವೈಫೈಗೆ ಇದನ್ನು ಜೋಡಿಸಬೇಡಿ.

ಇತ್ತೀಚೆಗೆ ಒಬ್ಬರು ಬಂದು ಇಡೀ ಹೋಟೆಲನ್ನು ಆಟೋಮೇಷನ್ ಮಾಡಿಕೊಡುತ್ತೇವೆ, ಸೇಠ್‌ಗಳು ಊರಿನಲ್ಲಿ ಕೂತು ಮೊಬೈಲಿನಲ್ಲೇ ಎಲ್ಲ ಬಂದ್ ಚಾಲೂ ಮಾಡಬಹುದು ಎಂದರು. ಹೇಳಿದ ರೇಟ್ ಒಂದು ಲಕ್ಷದ 80 ಸಾವಿರ. ನಮ್ಮ ಮಗನಿಗೂ ಆಸೆ ಇತ್ತು. ಬೇಡ ಎಂದೆವು. ಊರಿನಲ್ಲಿ ಕೂತು ಫ್ರೀಜರ್ ಬಂದ್ ಮಾಡುವ ಅಗತ್ಯ ಯಾವ ಹೋಟೆಲಿನವನಿಗೆ ಬರುತ್ತದೆ? ಎರಡು ಪ್ಲಗ್ಗಿನಿಂದ ಸಿಗುವ ಮಾಹಿತಿಗೆ ಅಷ್ಟು ಸುರಿಯಬೇಕಾಗಿಲ್ಲ. ಇದನ್ನು ಹುಡುಗರ ಮೇಲೆ ಕಾವಲಿಗೆ ಬಳಸುವುದೂ ನಮಗೆ ಸರಿ ಕಾಣುವುದಿಲ್ಲ. ಅಟ್ಟದ ಬೋರ್ಡಿಗೆ ಒಂದು ವಾರ ಹಾಕಿದ್ದು ಅವರಿಗೆ ಹೇಳಿಯೇ ಹಾಕಿದ್ದು. ಅಂಕಿಯನ್ನೂ ಅವರಿಗೇ ತೋರಿಸಿದೆವು. ನೋಡಿ ನಕ್ಕರು. ನಾವು ನಗಲಿಲ್ಲ.

ಕೆಲವರು ಹೇಳುತ್ತಾರೆ, ಇಷ್ಟೆಲ್ಲ ರಗಳೆ ಯಾಕೆ, ದೋಸೆಗೆ ಎರಡು ರೂಪಾಯಿ ಏರಿಸಿದರೆ ಮುಗಿಯಿತು ಎಂದು. ಏರಿಸಿ ಏರಿಸಿ ನಮ್ಮ ಸಾಮಾನ್ಯ ಗಿರಾಕಿ ಈಗ ರಸ್ತೆ ಬದಿಯ ಗಾಡಿಗೆ ಹೋಗಿ ನಿಂತಿದ್ದಾನೆ, ನೋಡುತ್ತಿದ್ದೇವಲ್ಲ. ಮುಂದೆ ಕರೆಂಟಿನ ಭಾರ ಹೆಚ್ಚುವುದೇ ಹೊರತು ಇಳಿಯುವ ಲಕ್ಷಣವಿಲ್ಲ. 2025ರಲ್ಲಿ ಮುಂಬೈ ಮಹಾನಗರ ಪಾಲಿಕೆ ಬೇಕರಿ, ಹೋಟೆಲುಗಳಿಗೆ ಸೌದೆ, ಕಲ್ಲಿದ್ದಲಿನ ಭಟ್ಟಿ, ತಂದೂರ್ ಬಿಟ್ಟು ಗ್ಯಾಸ್ ಅಥವಾ ವಿದ್ಯುತ್ತಿಗೆ ಬನ್ನಿ ಎಂದು ನೋಟಿಸ್ ಕೊಟ್ಟದ್ದು ನಮ್ಮಲ್ಲಿ ತಂದೂರ್ ಇಟ್ಟವರಿಗೆಲ್ಲ ಗೊತ್ತು. ವಿದ್ಯುತ್ತಿನ ತಂದೂರ್ ತಂದವರು ಅದಕ್ಕೆ ಬೇರೆಯೇ ಸಬ್ ಮೀಟರ್ ಹಾಕಿಸಿಕೊಳ್ಳುವುದು ಒಳ್ಳೆಯದು, ಈ ಸಣ್ಣ ಡಬ್ಬಿ ಅದಕ್ಕೆ ಸಾಲದು.

ನಮ್ಮ ಸಂಘದ ಪದಾಧಿಕಾರಿಗಳಿಗೆ ಒಂದು ಸಲಹೆ. ಪ್ರತಿಯೊಬ್ಬರೂ ಇದನ್ನು ಕೊಳ್ಳಬೇಕಾಗಿಲ್ಲ, ಅಳೆದು ಆದ ಮೇಲೆ ಅದು ಡ್ರಾಯರಿನಲ್ಲೇ ಬಿದ್ದಿರುತ್ತದೆ. ಸಂಘದ ಆಫೀಸಿನಲ್ಲಿ 16 ಆಂಪಿಯರ್‌ನ ಆರು ಪ್ಲಗ್, ಒಂದು ಕ್ಲ್ಯಾಂಪ್ ಮೀಟರ್ ಇಟ್ಟು, ಡಿಪಾಸಿಟ್ ತೆಗೆದುಕೊಂಡು ಸದಸ್ಯರಿಗೆ 15 ದಿನಕ್ಕೆ ಕೊಡಬಹುದು. ಹದಿನೈದು ಸಾವಿರದೊಳಗೆ ಆಗುವ ಕೆಲಸ. ಸ್ನೇಹ ಸಮ್ಮೇಳನದ ಶಾಲು ಹಾರದ ಖರ್ಚಿಗಿಂತ ಕಡಿಮೆ ಎಂದರೆ ಯಾರೂ ಬೇಸರ ಮಾಡಿಕೊಳ್ಳಬಾರದು. ತಂದವರು ವಾಪಸ್ ಕೊಡುವಾಗ ತಮ್ಮ ಫ್ರೀಜರ್, ಫ್ರಿಜ್, ಕೂಲರಿನ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಹೊಸದು ಕೊಳ್ಳುವವರಿಗೆ ಯಾವುದು ಎಷ್ಟು ತಿನ್ನುತ್ತದೆ ಎಂದು ಅಂಗಡಿಯವನಲ್ಲಿ ಕೇಳುವ ಬದಲು ನಮ್ಮವರಲ್ಲೇ ನೋಡಲಿಕ್ಕೆ ಸಿಗುತ್ತದೆ.

ಅದು ಆಗುವ ತನಕ ನಮ್ಮ ಹತ್ತಿರ ಎರಡು ಇವೆ. ಒಂದನ್ನು ಪಕ್ಕದ ಹೋಟೆಲಿನವರು ತೆಗೆದುಕೊಂಡು ಹೋಗಿದ್ದಾರೆ, ಇನ್ನೊಂದು ಗಲ್ಲಾದ ಡ್ರಾಯರಿನಲ್ಲಿದೆ. ಬೇಕಾದವರು ಮಧ್ಯಾಹ್ನ ಮೂರರಿಂದ ಐದರೊಳಗೆ, ರಶ್ ಇಲ್ಲದ ಹೊತ್ತಿನಲ್ಲಿ ಬನ್ನಿ. ಮೊಬೈಲಿಗೆ ಜೋಡಿಸುವುದನ್ನು ನಮ್ಮ ಮೋರಿಯ ಹುಡುಗ ತೋರಿಸಿ ಕೊಡುತ್ತಾನೆ. ಅದು ನಮಗಿಂತ ಅವನಿಗೇ ಚೆನ್ನಾಗಿ ಬರುತ್ತದೆ.